ಲಾಲ್‌ಬಾಗ್ ಮಾಡಿಸಿದ್ದು ಹೈದರಾಲಿಯೋ, ಟಿಪ್ಪುವೋ, ಬ್ರಿಟಿಷರೋ?

ಹಾಸನದ ಮೇಷ್ಟ್ರು:
ಮುಂದಿನ ತಿಂಗಳು ಹೈಸ್ಕೂಲ್ ಮಕ್ಕಳನ್ನು ಲಾಲ್‌ಬಾಗ್‌ಗೆ ಕರೆದುಕೊಂಡು ಹೋಗುತ್ತಿದ್ದೇವೆ. ಸ್ಟಾಫ್ ರೂಮಿನಲ್ಲಿ ಇದರದ್ದೇ ಜಗಳ. ಒಬ್ಬರು ಹೈದರಾಲಿ ಎನ್ನುತ್ತಾರೆ, ಒಬ್ಬರು ಟಿಪ್ಪು, ಸಮಾಜದ ಮೇಡಂ ಬ್ರಿಟಿಷರು ಎನ್ನುತ್ತಾರೆ. ಮಕ್ಕಳಿಗೆ ಯಾವುದನ್ನು ಹೇಳಲಿ?

ಅರಸೀಕೆರೆ ತೋಟಗಾರ:
ಮೂವರದ್ದೂ ಪಾಲಿದೆ ಮೇಷ್ಟ್ರೇ. ಶುರು ಮಾಡಿದ್ದು ಹೈದರಾಲಿ, 1760ರಲ್ಲಿ, ಸುಮಾರು 40 ಎಕರೆಯಲ್ಲಿ. ಶಿರಾದ ಮೊಘಲ್ ತೋಟ ನೋಡಿ ಆಸೆಪಟ್ಟ ಎನ್ನುತ್ತಾರೆ. ಟಿಪ್ಪು ಹೊರದೇಶಗಳಿಂದ ಗಿಡ, ಬೀಜ ತರಿಸಿದ. 1799ರಲ್ಲಿ ಅವನು ಸತ್ತ ಮೇಲೆ ತೋಟ ಬ್ರಿಟಿಷರ ಈಸ್ಟ್ ಇಂಡಿಯಾ ಕಂಪನಿಯ ಪಾಲಾಯಿತು. 1856ರಲ್ಲಿ ಸರ್ಕಾರಿ ಸಸ್ಯತೋಟ ಆಯಿತು. ಈಗ 240 ಎಕರೆ.

ಇಷ್ಟು ಎಲ್ಲಿ ಬೇಕಾದರೂ ಸಿಗುತ್ತದೆ. ನಾನು ತೋಟಗಾರಿಕೆ ಇಲಾಖೆಯಲ್ಲಿ ದುಡಿದವನು. ನನ್ನ ಲೆಕ್ಕದಲ್ಲಿ ದೊಡ್ಡವನು ಜಾನ್ ಕ್ಯಾಮರಾನ್, 1874ರಲ್ಲಿ ಲಾಲ್‌ಬಾಗ್ ನೋಡಿಕೊಳ್ಳಲು ಬಂದವನು. ಅವನ ಕಾಲದ ಗಾಜಿನ ಮನೆ ಮುಂದೆ ಎಲ್ಲರೂ ಫೋಟೋ ತೆಗೆಸಿಕೊಳ್ಳುತ್ತಾರೆ. 1889ರ ನವೆಂಬರ್ 30ರಂದು ಇಂಗ್ಲೆಂಡಿನ ರಾಜಕುಮಾರ ಆಲ್ಬರ್ಟ್ ವಿಕ್ಟರ್ ಅದಕ್ಕೆ ಅಡಿಗಲ್ಲು ಹಾಕಿದ. ಸರಿ, ಚೆಂದವೇ. ಆದರೆ ನಮ್ಮ ಮನೆ ಹುಳಿಗೆ ಬೀಳುವ ಸೀಮೆಬದನೆ? ಅದನ್ನು ಇಲ್ಲಿಗೆ ತಂದು ಬೆಳೆಸಿದ್ದೂ ಅವನೇ. ಆ ಕಾಲದ ಲಾಲ್‌ಬಾಗ್ ಸುಮ್ನೆ ಅಡ್ಡಾಡುವ ಪಾರ್ಕ್ ಅಲ್ಲ. ಹೊಸ ಬೆಳೆ ನಮ್ಮ ಮಣ್ಣಿಗೆ ಒಗ್ಗುತ್ತದಾ ಎಂದು ನೆಟ್ಟು ನೋಡುವ ಜಾಗ. ಮಕ್ಕಳಿಗೆ ಇದನ್ನು ಹೇಳಿ. ಅರ್ಧ ಜನ ಹೊಲದ ಮನೆಯವರೇ ಇರುತ್ತಾರೆ, ಅಲ್ವಾ?

ಹೊಳೆನರಸೀಪುರದ ಹುಡುಗಿ, ಈಗ ಬೆಂಗಳೂರು:
ಸರ್, ಕ್ರುಂಬಿಗಲ್ ಅವರನ್ನೇ ಬಿಟ್ಟಿರಲ್ಲ! 1908ರಲ್ಲಿ ಮೈಸೂರು ಸಂಸ್ಥಾನಕ್ಕೆ ಬಂದ ಜರ್ಮನ್ ತೋಟಗಾರಿಕೆ ತಜ್ಞ. ಲಾಲ್‌ಬಾಗ್ ಪಕ್ಕದ ರಸ್ತೆಗೇ ಅವರ ಹೆಸರಿದೆ.

ಅರಸೀಕೆರೆ ತೋಟಗಾರ:
ರಸ್ತೆ ಹೆಸರು ಹೇಗೂ ಇದೆಯಲ್ಲಮ್ಮ, ಅವರನ್ನು ಯಾರೂ ಮರೆಯುವುದಿಲ್ಲ. ಮರೆತಿರುವುದು ನಮ್ಮ ಮರಿಗೌಡರನ್ನು. ಡಾ. ಎಂ.ಎಚ್. ಮರಿಗೌಡ, ಟಿ. ನರಸೀಪುರದ ಕಡೆಯವರು. 1963ರಲ್ಲಿ ತೋಟಗಾರಿಕೆ ನಿರ್ದೇಶಕರಾದರು. ಜಿಲ್ಲೆ ಜಿಲ್ಲೆಗೂ ಫಾರಂ, ನರ್ಸರಿ ಮಾಡಿಸಿದರು. ಇವತ್ತು ಇಲಾಖೆ ನರ್ಸರಿಗೆ ಹೋಗಿ ತೆಂಗಿನ ಸಸಿ ತರುತ್ತೇವಲ್ಲ, ಅದರ ಹಿಂದೆ ಅವರ ದುಡಿಮೆ ಇದೆ.

ಹಾಸನದ ಮೇಷ್ಟ್ರು:
ಮರಿಗೌಡರ ವಿಷಯ ಗೊತ್ತೇ ಇರಲಿಲ್ಲ, ಪಾಠಕ್ಕೆ ಸೇರಿಸುತ್ತೇನೆ. ಬಸ್ಸೋ ರೈಲೋ? ಮೊದಲು ಏನು ತೋರಿಸಲಿ?

ಹೊಳೆನರಸೀಪುರದ ಹುಡುಗಿ, ಈಗ ಬೆಂಗಳೂರು:
ರೈಲು ಸರ್. ಯಶವಂತಪುರದಲ್ಲಿ ಇಳಿದು ಹಸಿರು ಮಾರ್ಗದ ಮೆಟ್ರೋ ಹತ್ತಿದರೆ ಸೀದಾ ಲಾಲ್‌ಬಾಗ್ ಸ್ಟೇಷನ್. ತೋಟದೊಳಗಿನ ದೊಡ್ಡ ಬಂಡೆಯನ್ನು ಮೊದಲು ಹತ್ತಿಸಿ, ಆಮೇಲೆ ಬಿಸಿಲು ಜಾಸ್ತಿ. ಸುಮಾರು 300 ಕೋಟಿ ವರ್ಷದ ಕಲ್ಲು ಅದು, ಮೇಲೆ ಕೆಂಪೇಗೌಡರ ಗೋಪುರ ಇದೆ. ಜನವರಿ, ಆಗಸ್ಟ್‌ನ ಫಲಪುಷ್ಪ ಪ್ರದರ್ಶನದ ದಿನಗಳು ಮಾತ್ರ ಬೇಡ. ಆ ಜನಜಂಗುಳಿಯಲ್ಲಿ ಮಕ್ಕಳನ್ನು ಎಣಿಸುವುದೇ ಕೆಲಸ ಆಗಿಬಿಡುತ್ತದೆ.