ಹೊಸ ರ‍್ಯಾಮ್ ಹಾಕಿದರೆ ಸ್ಕ್ರೀನ್ ಬರ್ತಿಲ್ಲ, ಫ್ಯಾನ್ ಮಾತ್ರ ತಿರುಗುತ್ತೆ

ಪ್ರಶ್ನೆ (ಕಲಬುರಗಿಯಿಂದ):
ಅಣ್ಣಾ, ಸ್ವಲ್ಪ ನೋಡಿ ಹೇಳಿ. ನಾಲ್ಕನೇ ಜನರೇಶನ್ ಐ3 ಲ್ಯಾಪ್‌ಟಾಪ್, 4 ಜಿಬಿ ರ‍್ಯಾಮ್, 500 ಜಿಬಿ ಹಾರ್ಡ್ ಡಿಸ್ಕ್. ತಂಗಿಯ ಡಿಗ್ರಿ ಮುಗಿಯೋವರೆಗೂ ಓಡಿಸಬೇಕು. ಸೂಪರ್ ಮಾರ್ಕೆಟ್ ಕಡೆಯ ಒಂದು ಅಂಗಡಿಯಿಂದ ಇನ್ನೊಂದು 4 ಜಿಬಿ ಸೆಕೆಂಡ್ ಹ್ಯಾಂಡ್ ರ‍್ಯಾಮ್ ತಂದು ಖಾಲಿ ಸ್ಲಾಟಿಗೆ ಹಾಕಿದೆ. ಲೈಟ್ ಹತ್ತುತ್ತೆ, ಸ್ಕ್ರೀನ್ ಕಪ್ಪು. ತೆಗೆದರೆ ಮೊದಲಿನ ಹಾಗೇ ನಡೆಯುತ್ತೆ. ಅಂಗಡಿಯವರು ಮದರ್‌ಬೋರ್ಡೇ ಹೋಗಿದೆ ಅಂತಾರೆ.

ಉತ್ತರ:
ಹಳೆ ರ‍್ಯಾಮಿನಲ್ಲಿ ನಡೆಯುತ್ತಿದೆಯಲ್ಲ ತಮ್ಮಾ, ಬೋರ್ಡಿನ ಮಾತು ಆಮೇಲೆ. ಎರಡೂ ರ‍್ಯಾಮಿನ ಸ್ಟಿಕ್ಕರ್ ಓದು. ಹಳೇದರಲ್ಲಿ ಪಿಸಿ3ಎಲ್-12800ಎಸ್ (PC3L-12800S) ಅಂತ ಇರಬೇಕು. ಹೊಸದರಲ್ಲಿ ಬರೀ ಪಿಸಿ3 ಅಂತ ಇದ್ದರೆ ಕಥೆ ಅಲ್ಲೇ ಮುಗೀತು. ಎಲ್ ಇದ್ದದ್ದು 1.35 ವೋಲ್ಟಿಗೆ ನಡೆಯುತ್ತೆ, ಇಲ್ಲದ್ದಕ್ಕೆ 1.5 ವೋಲ್ಟ್ ಬೇಕು. ನಾಲ್ಕನೇ ಜನರೇಶನ್ ಲ್ಯಾಪ್‌ಟಾಪ್‌ಗಳಿಗೆ ಎಲ್ ಇರೋದೇ ಆಗಬೇಕು. ಎರಡೂ ಒಂದೇ ಅಳತೆ, ಸ್ಲಾಟಿನಲ್ಲಿ ಸಲೀಸಾಗಿ ಕೂಡುತ್ತವೆ, ಅದಕ್ಕೇ ಅಂಗಡಿಯಲ್ಲಿ ಯಾರೂ ನೋಡಲ್ಲ.

ಹಳೆ ರ‍್ಯಾಮನ್ನು ಎರಡನೇ ಸ್ಲಾಟಿಗೂ ಹಾಕಿ ನೋಡು. ಆನ್ ಆದರೆ ಸ್ಲಾಟ್ ಸರಿ ಇದೆ. ಕೈ ಹಾಕುವ ಮುಂಚೆ ಚಾರ್ಜರ್, ಬ್ಯಾಟರಿ ಎರಡೂ ತೆಗೆದು ಪವರ್ ಬಟನ್ ಸ್ವಲ್ಪ ಹೊತ್ತು ಒತ್ತಿ ಹಿಡಿ.

ಪ್ರಶ್ನೆ:
ಹೌದು ಅಣ್ಣಾ, ಎಲ್ ಇರಲಿಲ್ಲ! ಬದಲಾಯಿಸಿಕೊಂಡು ಬಂದೆ, 8 ಜಿಬಿ ತೋರಿಸ್ತಿದೆ. ಆದರೂ ಆನ್ ಆಗೋಕೆ ಚಹಾ ಕುಡಿದು ಬರೋಷ್ಟು ಹೊತ್ತು. ಮಧ್ಯಾಹ್ನ ಕೀಬೋರ್ಡ್ ಸುಡುತ್ತೆ.

ಉತ್ತರ:
ನಿಧಾನಕ್ಕೆ ಕಾರಣ ಹಾರ್ಡ್ ಡಿಸ್ಕ್. ಮೊದಲು ಅದನ್ನೇ ಬದಲಿಸಬೇಕಿತ್ತು ಅನ್ನೋದು ನನ್ನ ಲೆಕ್ಕ. ಅದರ ಜಾಗಕ್ಕೆ 2.5 ಇಂಚಿನ ಸಾಟಾ ಎಸ್‌ಎಸ್‌ಡಿ (ತಿರುಗುವ ಭಾಗವಿಲ್ಲದ, ವೇಗದ ಡಿಸ್ಕ್) ತಗೋ, 240 ಜಿಬಿ ಸಾಕು. ಎನ್‌ವಿಎಂಇ ಅನ್ನೋ ಇನ್ನೊಂದು ಬಗೆಯ ಎಸ್‌ಎಸ್‌ಡಿ ಬೇಡ, ನಿನ್ನದಕ್ಕೆ ಕೂಡಲ್ಲ. ಎಸ್‌ಎಸ್‌ಡಿ 7 ಮಿ.ಮೀ. ದಪ್ಪ ಇರುತ್ತೆ, ನಿನ್ನ ಡಿಸ್ಕ್ 9.5 ಇದ್ದರೆ ಅಲುಗಾಡುತ್ತೆ. ಹಳೆ ಡಿಸ್ಕಿನ ಫ್ರೇಮಿಗೇ ಸ್ಕ್ರೂ ಹಾಕಿ ಬಿಗಿ ಮಾಡು.

ಬಿಸಿಗೆ ಧೂಳು ಕಾರಣ. ನಮ್ಮ ಕಡೆ ಬೇಸಿಗೆಯಲ್ಲಿ 40 ಡಿಗ್ರಿ ದಾಟೋದು ಮಾಮೂಲಿ, ಅದರ ಮೇಲೆ ತೊಗರಿ ರಾಶಿಯ ಧೂಳು ಬೇರೆ. ಫ್ಯಾನ್ ಬಿಚ್ಚು. ಫ್ಯಾನಿಗೂ ತಾಮ್ರದ ಪೈಪಿನ ತುದಿಯ ಜಾಲರಿಗೂ ನಡುವೆ ಕಂಬಳಿ ತುಂಡಿನ ಹಾಗೆ ಧೂಳು ಕೂತಿರುತ್ತೆ, ಎಳೆದರೆ ಪದರವಾಗಿ ಬರುತ್ತೆ. ಬ್ಲೋಯರ್ ಹಿಡಿಯುವಾಗ ಫ್ಯಾನ್ ರೆಕ್ಕೆಯನ್ನು ಬೆರಳಲ್ಲಿ ಒತ್ತಿಕೋ, ಸುಮ್ನೆ ತಿರುಗೋಕೆ ಬಿಟ್ಟರೆ ಹಾಳಾಗುತ್ತೆ. ಪ್ರೊಸೆಸರ್ ಮೇಲಿನ ಹಳೆ ಥರ್ಮಲ್ ಪೇಸ್ಟ್ (ಬಿಸಿಯನ್ನು ತಾಮ್ರದ ಪೈಪಿಗೆ ದಾಟಿಸುವ ಪೇಸ್ಟ್) ಒರೆಸಿ ಹೊಸದು ಹಚ್ಚು, ಕಡಲೆ ಕಾಳಿನಷ್ಟೂ ಬೇಡ, ಅದಕ್ಕಿಂತ ಕಡಿಮೆ.

ಇನ್ನೊಂದು, ವಿಂಡೋಸ್ 10ರ ಉಚಿತ ಸಪೋರ್ಟ್ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ವಿಂಡೋಸ್ 11 ಇಂಟೆಲ್ ಎಂಟನೇ ಜನರೇಶನ್ ಆದರೂ ಕೇಳುತ್ತೆ, ನಿನ್ನದು ನಾಲ್ಕನೇದು. ಎಸ್‌ಎಸ್‌ಡಿಗೆ ವಿಂಡೋಸ್ ಬದಲು ಉಚಿತವಾಗಿ ಸಿಗೋ ಲಿನಕ್ಸ್ ಮಿಂಟ್ ಹಾಕು. ತಂಗಿಯ ಓದಿಗೆ ಬ್ರೌಸರ್, ಎಂಎಸ್ ಆಫೀಸ್ ಥರದ ಲಿಬ್ರೆ ಆಫೀಸ್ ಸಾಕಲ್ವಾ?