ಇಬ್ಬರೂ ಆರೋಗ್ಯವಾಗಿದ್ದೇವೆ, ಎಂಟು ತಿಂಗಳಾದರೂ ಗರ್ಭ ನಿಂತಿಲ್ಲ. ಯಾಕೆ?

ಕಾಯ್ತಿರೋಳು

ನನಗೆ 31, ನಮ್ಮವರಿಗೆ 34. ಎಂಟು ತಿಂಗಳಿಂದ ಮಗುವಿಗೆ ಪ್ರಯತ್ನ ಮಾಡುತ್ತಿದ್ದೇವೆ. ಇಬ್ಬರಿಗೂ ಶುಗರ್ ಇಲ್ಲ, ಬಿಪಿ ಇಲ್ಲ, ಸಿಗರೇಟು ಇಲ್ಲ. ನನ್ನ ಥೈರಾಯ್ಡ್, ಸ್ಕ್ಯಾನಿಂಗ್ ಎಲ್ಲಾ ನಾರ್ಮಲ್. ಪೀರಿಯಡ್ಸ್ 32-33 ದಿನಕ್ಕೆ ಸರಿಯಾಗಿ ಬರುತ್ತದೆ. ಮೊದಲು ಅದೊಂದು ಸಮಾಧಾನ ಆಗಿತ್ತು. ಈಗ ಅದು ಸರಿಯಾಗಿ ಬಂದರೇ ಅಳು ಬರುತ್ತದೆ.

ಫೋನಿನ ಆ್ಯಪ್ 14ನೇ ದಿನಕ್ಕೆ ಹಸಿರು ಚುಕ್ಕೆ ಹಾಕುತ್ತದೆ. ಅದಕ್ಕೆ ಮುಂಚೆ ಒಂದು ವಾರ ಸುಮ್ನೆ ಇರುತ್ತೇವೆ, ವೀರ್ಯ ಕೂಡಿಕೊಳ್ಳಲಿ ಅಂತ. ಆಮೇಲೆ 13, 14 ಎರಡು ದಿನ. ಸೊಂಟದ ಕೆಳಗೆ ದಿಂಬು ಇಟ್ಟುಕೊಂಡು ಅರ್ಧ ಗಂಟೆ ಫ್ಯಾನ್ ನೋಡುತ್ತಾ ಮಲಗುತ್ತೇನೆ. ಹೋದ ತಿಂಗಳು ಆಫೀಸಿನಿಂದ ಇವರಿಗೆ "ಇವತ್ತು" ಅಂತ ಒಂದೇ ಪದ ಮೆಸೇಜ್ ಮಾಡಿದೆ. "ತಲೆನೋವು" ಅಂತ ಒಂದೇ ಪದ ವಾಪಸ್ ಬಂತು. ಎರಡು ದಿನ ಮಾತಿಲ್ಲ.

ಒಂದೇ ಗೆರೆ ಬಂದ ಟೆಸ್ಟ್ ಕಡ್ಡಿಗಳನ್ನು ಇವರ ಹಳೆಯ ಕನ್ನಡಕದ ಡಬ್ಬಿಯಲ್ಲಿ ಇಟ್ಟಿದ್ದೇನೆ. ಯಾಕೆ ಅಂತ ಕೇಳಬೇಡಿ. ಈ ಸಲ ಮುಚ್ಚಳ ಹಾಕಲು ಆಗಲಿಲ್ಲ.

ಇಬ್ಬರಲ್ಲೂ ತೊಂದರೆ ಇಲ್ಲ ಅಂದಮೇಲೆ ಯಾಕೆ ಆಗುತ್ತಿಲ್ಲ? ಈಗಲೇ ಡಾಕ್ಟರ್ ಹತ್ತಿರ ಹೋಗಬೇಕಾ?

ಇಬ್ಬರ ಅಮ್ಮ

ತಂಗಿ, ಮೊದಲು ಲೆಕ್ಕ ಹೇಳುತ್ತೇನೆ. ಎಲ್ಲಾ ಸರಿ ಇರುವ, ನಿನ್ನ ವಯಸ್ಸಿನವರಿಗೂ ಒಂದು ತಿಂಗಳಲ್ಲಿ ಗರ್ಭ ನಿಲ್ಲುವ ಸಾಧ್ಯತೆ ಹೆಚ್ಚುಕಮ್ಮಿ ನಾಲ್ಕೈದರಲ್ಲಿ ಒಂದು ಅಷ್ಟೇ. ನೂರು ಜೋಡಿಗಳಲ್ಲಿ ಎಂಬತ್ತಕ್ಕೂ ಜಾಸ್ತಿ ಜನರಿಗೆ ವರ್ಷದೊಳಗೆ ಆಗುತ್ತದೆ. ಉಳಿದವರಲ್ಲೂ ಎಷ್ಟೋ ಜನರಿಗೆ ಎರಡನೇ ವರ್ಷದಲ್ಲಿ ತಾನಾಗಿಯೇ ಆಗುತ್ತದೆ. ನನಗೆ ಮೊದಲನೆಯದಕ್ಕೆ 14 ತಿಂಗಳು ಹಿಡಿಯಿತು. ಎರಡನೆಯದು ಮೊದಲ ತಿಂಗಳಲ್ಲೇ. ದೇಹ ಅದೇ, ಗಂಡನೂ ಅವರೇ!

ಆದರೆ ನಿನ್ನ 14ನೇ ದಿನದ ಲೆಕ್ಕ ನನಗೆ ಸರಿ ಕಾಣಲಿಲ್ಲ. ಆ್ಯಪ್‌ನಲ್ಲಿ ಸೈಕಲ್ ಎಷ್ಟು ದಿನ ಅಂತ ಹಾಕಿದ್ದೀಯ? ಹದಿನಾಲ್ಕನ್ನು ಎಣಿಸಬೇಕಾದದ್ದು ಮುಂದಿನ ಪೀರಿಯಡ್ಸ್‌ನಿಂದ ಹಿಂದಕ್ಕೆ. 33 ದಿನದ ಸೈಕಲ್ ಅಂದರೆ ಅಂಡ ಹೊರಬರುವುದು 19ನೇ ದಿನದ ಹತ್ತಿರ. ವೀರ್ಯಾಣು ಒಳಗೆ ಐದು ದಿನದವರೆಗೂ ಬದುಕಬಹುದು, ಅಂಡಕ್ಕೆ ಒಂದು ದಿನ ಆಯುಸ್ಸು ಇದ್ದರೆ ಹೆಚ್ಚು. ಹಾಗಾಗಿ ನಿನಗೆ ಬೇಕಾದ ದಿನಗಳು ಸುಮಾರು 14ರಿಂದ 19. ಅದರಲ್ಲೂ ಕೊನೆಯ ಎರಡು ಮೂರು ದಿನ ಮುಖ್ಯ. ನೀವು ಬಾಗಿಲು ತೆಗೆಯುವ ಹೊತ್ತಿಗೇ ಮನೆಗೆ ವಾಪಸ್ ಹೋಗುತ್ತಿದ್ದೀರಿ!

ಓವ್ಯುಲೇಷನ್ ಕಿಟ್ (ಅಂಡ ಹೊರಬರುವ ಹೊತ್ತು ಹತ್ತಿರವಾಯಿತೇ ಅಂತ ಮೂತ್ರದಲ್ಲಿ ನೋಡುವ ಕಡ್ಡಿ) ತಗೋ, ಹನ್ನೆರಡನೇ ದಿನದಿಂದ ನೋಡು. ಗೆರೆ ಗಾಢವಾದ ಮೇಲೆ ಒಂದೂವರೆ ದಿನದೊಳಗೆ ಸಾಮಾನ್ಯವಾಗಿ ಅಂಡ ಬಿಡುಗಡೆ ಆಗುತ್ತದೆ. ದಿನ ಬಿಟ್ಟು ದಿನ ಸೇರಿದರೆ ಸಾಕು, ಕೂಡಿಡುವುದು ಬೇಡ. ದಿಂಬೂ ಬೇಡ. ಫೋಲಿಕ್ ಆಸಿಡ್ ಮಾತ್ರೆ ಶುರು ಮಾಡಿಲ್ಲದಿದ್ದರೆ ಈಗಲೇ ಮಾಡು, ದಿನಕ್ಕೆ 400 ಮೈಕ್ರೋಗ್ರಾಂ. ಗರ್ಭ ನಿಂತ ಮೇಲೆ ಶುರು ಮಾಡಿದರೆ ತಡವಾಗುತ್ತದೆ.

ಸೂಕ್ಷ್ಮದರ್ಶಕ

ನಾನು ಲ್ಯಾಬ್ ಟೆಕ್ನಿಷಿಯನ್. ಮೇಡಂ, ನಿಮ್ಮ ಥೈರಾಯ್ಡ್ ಬರೆದಿದ್ದೀರಿ, ಸ್ಕ್ಯಾನಿಂಗ್ ಬರೆದಿದ್ದೀರಿ. ಸರ್ ರಿಪೋರ್ಟ್ ಎಲ್ಲಿ? ಶುಗರ್, ಬಿಪಿ ಇಲ್ಲ ಅನ್ನುವುದು ವೀರ್ಯದ ರಿಪೋರ್ಟ್ ಅಲ್ಲ. ಮಕ್ಕಳಾಗದ ಜೋಡಿಗಳಲ್ಲಿ ಅರ್ಧದಷ್ಟು ಕಡೆ ಗಂಡಿನ ಕಡೆಯ ಕಾರಣವೂ ಇರುತ್ತದೆ. ಆದರೂ ಹೆಂಡತಿಯ ಫೈಲ್ ಇಷ್ಟು ದಪ್ಪ ಆದಮೇಲೆ ಗಂಡ ಬರುತ್ತಾರೆ, ಅದೂ ಮುಖ ಗಂಟು ಹಾಕಿಕೊಂಡು. ಸೂಜಿ ಕೂಡ ಚುಚ್ಚದ ಟೆಸ್ಟ್ ಇದು.

35ರೊಳಗಿನವರು ಒಂದು ವರ್ಷ, ದಾಟಿದವರು ಆರು ತಿಂಗಳು ನೋಡಿ ಡಾಕ್ಟರ್ ಹತ್ತಿರ ಹೋಗಿ ಅನ್ನುವುದು ವಾಡಿಕೆ. ಪೀರಿಯಡ್ಸ್ ಏರುಪೇರು ಇದ್ದರೆ, ಹೊಟ್ಟೆಯ ಆಪರೇಷನ್ ಆಗಿದ್ದರೆ ಇನ್ನೂ ಮುಂಚೆ. ಆದರೆ ಸರ್ ಟೆಸ್ಟ್‌ಗೆ ನಾಲ್ಕು ತಿಂಗಳು ಕಾಯಬೇಕು ಅಂತೇನಿಲ್ಲ.

ಟೆಸ್ಟ್‌ಗೆ ವೀರ್ಯ ಕೊಡುವಾಗ, ಹಿಂದಿನ ಸಲ ವೀರ್ಯ ಹೋದದ್ದಕ್ಕೂ ಇದಕ್ಕೂ ಎರಡು ದಿನಕ್ಕಿಂತ ಕಮ್ಮಿ ಅಂತರ ಬೇಡ, ಏಳು ದಿನಕ್ಕಿಂತ ಜಾಸ್ತಿಯೂ ಬೇಡ. ಮನೆಯಿಂದ ತರುವುದಾದರೆ ಡಬ್ಬಿಯನ್ನು ಶರ್ಟಿನೊಳಗೆ ಮೈ ಬಿಸಿಗೆ ಇಟ್ಟುಕೊಂಡು ಗಂಟೆಯೊಳಗೆ ತನ್ನಿ. ಮೊದಲ ಹನಿಗಳು ಚೆಲ್ಲಿದರೆ ನಾಚಿಕೆ ಪಡದೆ ಹೇಳಿಬಿಡಿ. ವೀರ್ಯಾಣು ಜಾಸ್ತಿ ಇರುವುದು ಅದರಲ್ಲೇ. ಚೆಲ್ಲಿದ್ದನ್ನು ಮುಚ್ಚಿಟ್ಟು, ಆಮೇಲೆ "ಕೌಂಟ್ ಕಮ್ಮಿ" ಅಂತ ಮನೆಯಲ್ಲಿ ರಂಪ ಆಗಿರುವುದು ನೋಡಿದ್ದೇನೆ.

ಜಿಮ್ ಬಿಟ್ಟವ

ನೋಡೋಕೆ ನಮ್ಮಿಬ್ಬರಲ್ಲಿ ಗಟ್ಟಿಮುಟ್ಟಾಗಿದ್ದವನು ನಾನೇ. ಮೈಕಟ್ಟಿಗೆ ಅಂತ ಟೆಸ್ಟೋಸ್ಟಿರಾನ್ ಇಂಜೆಕ್ಷನ್ ತಗೋತಿದ್ದೆ. ಗಂಡಸುತನದ ಹಾರ್ಮೋನ್ ತಾನೇ, ಒಳ್ಳೆಯದೇ ಅಂದುಕೊಂಡಿದ್ದೆ. ಹೊರಗಿನಿಂದ ಅದು ಬಂದರೆ ಮೆದುಳು "ಸಾಕು" ಅಂತ ವೃಷಣಕ್ಕೆ ಸಿಗ್ನಲ್ ನಿಲ್ಲಿಸುತ್ತದಂತೆ. ನನ್ನ ರಿಪೋರ್ಟ್‌ನಲ್ಲಿ ವೀರ್ಯಾಣು ಹುಡುಕಿದರೂ ಇರಲಿಲ್ಲ. ಡಾಕ್ಟರ್ ಹೇಳಿದಂತೆ ಬಿಟ್ಟೆ. ಮೆಲ್ಲಗೆ ವಾಪಸ್ ಬರುತ್ತಿದೆ. ಅಲ್ಲಿವರೆಗೆ ಪಾಪ ಅವಳೇ ಮಾತ್ರೆ ನುಂಗುತ್ತಿದ್ದಳು. ಅದು ಈಗಲೂ ಚುಚ್ಚುತ್ತದೆ.

ಕಾಯ್ತಿರೋಳು

ಅಕ್ಕಾ, ಆ್ಯಪ್ ತೆಗೆದು ನೋಡಿದೆ. 28 ದಿನ ಅಂತ ಇದೆ! ಮೊದಲಿಂದಲೂ ಹಾಗೇ ಇತ್ತಂತೆ, ನಾನು ತಿದ್ದಿಯೇ ಇಲ್ಲ. ಎಂಟು ತಿಂಗಳು ಯಾರದೋ ಸೈಕಲ್ ನೋಡಿಕೊಂಡು ಜಗಳ ಆಡಿದ್ದೇನೆ. ನಗಬೇಕೋ ಅಳಬೇಕೋ ಗೊತ್ತಾಗಲಿಲ್ಲ.

ಇವರು ಹಿಂದೆ ನಿಂತು ಪೂರ್ತಿ ಓದಿದರು. ಸ್ವಲ್ಪ ಹೊತ್ತು ಸುಮ್ಮನಿದ್ದು "ಶನಿವಾರ ಕೊಡ್ತೀನಿ" ಅಂದರು. ಮೂರು ವಾರದ ಹಿಂದೆ ಇವರಿಗೆ ಜೋರು ಜ್ವರ ಇತ್ತು. ಅದರಿಂದ ಟೆಸ್ಟ್ ಕೆಡುತ್ತಾ? ಅವರೇ ಕೇಳು ಅಂದರು.

ಸೂಕ್ಷ್ಮದರ್ಶಕ

ಕೆಡಬಹುದು. ಒಂದು ವೀರ್ಯಾಣು ತಯಾರಾಗಲು ಸುಮಾರು ಎರಡೂವರೆ ತಿಂಗಳು ಬೇಕು. ಆ ನಡುವಿನ ಜ್ವರದ ಗುರುತು ರಿಪೋರ್ಟ್‌ನಲ್ಲಿ ಕಾಣಿಸಿಕೊಳ್ಳುತ್ತದೆ. ಶನಿವಾರ ಕೊಡಲಿ, ಜ್ವರದ ತಾರೀಖು ಫಾರಂನಲ್ಲಿ ಬರೆಸಿ. ಕಮ್ಮಿ ಬಂದರೆ ಮೂರು ತಿಂಗಳು ಬಿಟ್ಟು ಇನ್ನೊಮ್ಮೆ. ಒಂದು ಹಾಳೆ ನೋಡಿ ಯಾರೂ ತೀರ್ಮಾನ ಮಾಡುವುದಿಲ್ಲ, ಸರ್‌ಗೆ ಹೇಳಿ.