ಮನೆ ಖಾಲಿ ಮಾಡುವ ಕೆಲಸಕ್ಕೆ ಮೇಸ್ತ್ರಿ ಕರೆತರುವ ಹುಡುಗರು: ಇದು ಜೀತವಾ? ನಾನೇನು ಮಾಡಲಿ?

ಬಳ್ಳಾರಿ_ಗಾಡಿ:
ಎಲ್ಲರಿಗೂ ನಮಸ್ಕಾರ. ಬಳ್ಳಾರಿಯಲ್ಲಿ ಆರು ವರ್ಷದಿಂದ ಹಳೇ ಮನೆ ಖಾಲಿ ಮಾಡಿಕೊಡುವ ಕೆಲಸ ನನ್ನದು. ಅಪ್ಪ ಅಮ್ಮ ತೀರಿಕೊಂಡಿರುತ್ತಾರೆ, ಮಕ್ಕಳು ಬೆಂಗಳೂರಲ್ಲೋ ಹೊರದೇಶದಲ್ಲೋ ಇರುತ್ತಾರೆ, ಮನೆ ಮಾರುವ ಮುಂಚೆ ಬೀರು, ಮಂಚ, ಹಿತ್ತಾಳೆ ಪಾತ್ರೆ, ಅಟ್ಟದ ಮೇಲಿನ ಸಾಮಾನು ಎಲ್ಲ ತೆಗೆಯಬೇಕು. ಚೆನ್ನಾಗಿರುವುದನ್ನು ಮಾರಿಕೊಡುತ್ತೇವೆ, ಉಳಿದದ್ದು ಗುಜರಿಗೆ. ಎರಡು ಗಾಡಿ ಇವೆ, ಕಾಯಂ ಮೂರು ಜನ ಇದ್ದಾರೆ. ದೊಡ್ಡ ಮನೆ ಬಂದರೆ ಒಬ್ಬ ಮೇಸ್ತ್ರಿಗೆ ಫೋನ್ ಮಾಡುತ್ತೇನೆ, ಅವನು ಐದಾರು ಹುಡುಗರನ್ನು ಕರೆತರುತ್ತಾನೆ. ಕೂಲಿ ಪೂರ್ತಿ ಅವನ ಕೈಗೇ ಕೊಡುತ್ತಿದ್ದೆ. ಅವನು ಹಂಚುತ್ತಾನೆ ಅಂತ ಅಂದುಕೊಂಡಿದ್ದೆ, ಕೇಳಿರಲಿಲ್ಲ.

ಹೋದ ತಿಂಗಳು ಸತ್ಯನಾರಾಯಣಪೇಟೆಯ ಒಂದು ಮನೆ ಕೆಲಸ ಬಂತು. ಮಾಲೀಕರು ಇಂಗ್ಲೆಂಡಿನಲ್ಲಿದ್ದಾರೆ. ಫೋನಿನಲ್ಲಿ ರೇಟು ಮಾತಾಡಿದ ಮೇಲೆ, 'ಕೆಲಸದವರಿಗೆ ದುಡ್ಡು ನೀವೇ ಕೈಗೆ ಕೊಡುತ್ತೀರಾ?' ಅಂತ ಕೇಳಿದರು. ನನಗೆ ಸ್ವಲ್ಪ ಸಿಟ್ಟೇ ಬಂತು. ಅವರು ಬೇಜಾರಾಗಬೇಡಿ ಅಂದರು, ಅಲ್ಲಿ 2015ರಲ್ಲಿ ಮಾಡರ್ನ್ ಸ್ಲೇವರಿ ಆಕ್ಟ್ ಅಂತ ಗುಲಾಮಗಿರಿ ತಡೆಯುವ ಕಾನೂನು ಬಂದಿದೆ, ಮನೆ ಖಾಲಿ ಮಾಡುವಂಥ ಕೆಲಸಕ್ಕೂ ಜನರನ್ನು ಕಟ್ಟಿಹಾಕಿ ದುಡಿಸುತ್ತಾರೆ, ಅದಕ್ಕೆ ಕೇಳುವುದು ರೂಢಿ ಅಂದರು.

ಆ ಮಾತು ತಲೆಯಲ್ಲಿ ಉಳಿಯಿತು. ಆವತ್ತು ಕಬ್ಬಿಣದ ಬೀರು ಇಳಿಸುವಾಗ ಒಬ್ಬ ಹುಡುಗನ ಅಂಗೈ ಹಗ್ಗಕ್ಕೆ ಸುಲಿದುಹೋಯಿತು. ಮುಲಾಮು ತಗೋ ಅಂತ 100 ರೂಪಾಯಿ ಕೊಟ್ಟೆ. ಅವನು ಜೇಬಿಗೆ ಇಡಲಿಲ್ಲ. ನೋಟನ್ನು ಹಾಗೇ ತಗೊಂಡು ಹೋಗಿ ಮೇಸ್ತ್ರಿಗೆ ಕೊಟ್ಟ. ಮೇಸ್ತ್ರಿ ಸಣ್ಣ ನೋಟ್‌ಬುಕ್ ತೆಗೆದು ಏನೋ ಬರೆದುಕೊಂಡ. ಆಮೇಲೆ ಗಮನಿಸಿದೆ, ಎಲ್ಲರ ಆಧಾರ್ ಕಾರ್ಡೂ ಅವನ ಚೀಲದಲ್ಲೇ ಒಂದು ಪ್ಲಾಸ್ಟಿಕ್ ಕವರಿನಲ್ಲಿದ್ದವು. ಯಾವೂರಪ್ಪ ಅಂತ ಹುಡುಗನನ್ನು ಕೇಳಿದರೆ ಉತ್ತರ ಮೇಸ್ತ್ರಿಯೇ ಹೇಳುತ್ತಾನೆ. ಸಂಜೆ ಗಾಡಿ ಹಿಂದೆ ಒಬ್ಬನೇ ಸಿಕ್ಕಾಗ ಇಷ್ಟೇ ಹೇಳಿದ: 'ಅಪ್ಪ ಮುಂಗಡ ತಗೊಂಡಾನ್ರಿ, ಉಗಾದಿ ಮಟ ಇರಬೇಕು.' 18 ಅಂತಾರೆ, ನೋಡಿದರೆ 15 ದಾಟಿಲ್ಲ ಅನಿಸುತ್ತದೆ.

ಇದು ಜೀತ ಅಲ್ವಾ? ಮೇಸ್ತ್ರಿಯನ್ನು ಬಿಟ್ಟರೆ ನಾನು ಪಾರಾಗುತ್ತೇನೆ, ಹುಡುಗರು ಬೇರೆ ಕಡೆ ಹೋಗುತ್ತಾರೆ ಅಷ್ಟೇ. ದೂರು ಕೊಟ್ಟರೆ ಅವರಿಗೇ ಪೆಟ್ಟು ಬೀಳುತ್ತದಾ? ಗೊತ್ತಿರುವವರು ಹೇಳಿ.

ಕೊಪ್ಪಳ_ಶಿಫ್ಟಿಂಗ್:
ಅಣ್ಣಾ, ನಾನೂ ಇದೇ ಧಂದೆಯಲ್ಲಿದ್ದೇನೆ. ಒಂದು ಮಾತು ಮೊದಲೇ ಹೇಳುತ್ತೇನೆ, ಮುಂಗಡ ಕೊಟ್ಟವರೆಲ್ಲ ಜೀತ ಇಟ್ಟುಕೊಂಡವರಲ್ಲ. ಮನೆಯಲ್ಲಿ ಮದುವೆ, ಆಸ್ಪತ್ರೆ ಅಂತ ಬಂದಾಗ ನಮ್ಮ ಹಮಾಲರು ಕೇಳುತ್ತಾರೆ, ನಾನು 5,000 ಕೊಟ್ಟಿದ್ದೇನೆ. ಆದರೆ ಶನಿವಾರದ ಬಟವಾಡೆ ಪೂರ್ತಿ ಅವರ ಕೈಗೆ. ಮುರಿದುಕೊಳ್ಳುವುದು ಎಷ್ಟು ಅಂತ ಅವರೇ ಹೇಳುತ್ತಾರೆ, ಅವರ ಫೋನಿನಲ್ಲೂ ಲೆಕ್ಕ ಇರುತ್ತದೆ. ಹೋದ ವರ್ಷ ಒಬ್ಬ ನಡುವೆ ಬಿಟ್ಟು ಹೊಸಪೇಟೆಗೆ ಹೋದ, 2,000 ಬಾಕಿ ಇತ್ತು. ಹೋಗು ಅಂದೆ. ನಿಮ್ಮ ಹುಡುಗರು ಹಾಗೆ ಎದ್ದು ಹೋಗಬಹುದಾ? ಅದನ್ನು ನೋಡಿ. ನೀವು ಹೇಳಿದ ಆ 100 ರೂಪಾಯಿ ವಿಷಯ ಮಾತ್ರ ನನಗೂ ಸರಿ ಕಾಣುತ್ತಿಲ್ಲ.

ರಾಯಚೂರು_ವಕೀಲೆ:
ಕೊಪ್ಪಳದ ಸರ್ ಹೇಳಿದ್ದು ಸರಿ, ಕಾನೂನೂ ಅದನ್ನೇ ನೋಡುತ್ತದೆ. 1976ರ ಜೀತ ಪದ್ಧತಿ ನಿರ್ಮೂಲನಾ ಕಾಯ್ದೆ ಇದೆ. ಸಾಲ ಅಥವಾ ಮುಂಗಡದ ಕಾರಣಕ್ಕೆ ಒಬ್ಬರು ಕೂಲಿ ಇಲ್ಲದೆ ಅಥವಾ ತೀರಾ ಕಡಿಮೆ ಕೂಲಿಗೆ ದುಡಿಯಬೇಕಾದರೆ, ಬೇರೆ ಕಡೆ ಕೆಲಸಕ್ಕೆ ಹೋಗುವ ಹಾಗಿಲ್ಲದಿದ್ದರೆ, ಓಡಾಡುವ ಹಾಗಿಲ್ಲದಿದ್ದರೆ ಅದು ಜೀತ. ಇದರಲ್ಲಿ ಒಂದಿದ್ದರೂ ಸಾಕು. ಮೈಮೇಲೆ ಬಾಸುಂಡೆ ಬೇಕಿಲ್ಲ, ಬೀಗವೂ ಬೇಕಿಲ್ಲ. ಅಪ್ಪ ಮಾಡಿದ ಸಾಲಕ್ಕೆ ಮಗ ದುಡಿಯುವುದೂ ಇದರಲ್ಲೇ ಬರುತ್ತದೆ. ಕನಿಷ್ಠ ಕೂಲಿಗಿಂತ ಕಡಿಮೆ ಕೊಟ್ಟು ದುಡಿಸಿದರೆ ಅದು ಬಲವಂತದ ದುಡಿಮೆ ಅಂತ ಸುಪ್ರೀಂ ಕೋರ್ಟ್ 1982ರಲ್ಲೇ ಹೇಳಿದೆ, ದೆಹಲಿ ಏಷ್ಯಾಡ್ (ಏಷ್ಯನ್ ಕ್ರೀಡಾಕೂಟ) ಕಾಮಗಾರಿಯ ಕೂಲಿಯವರ ಕೇಸಿನಲ್ಲಿ.

ಜನಕ್ಕೆ ಗೊತ್ತಿಲ್ಲದ್ದು ಇದು: ಜೀತದ ಸಾಲ ಕಾನೂನಿನ ಕಣ್ಣಲ್ಲಿ ಸತ್ತ ಸಾಲ. ತೀರಿಸಬೇಕಾಗಿಲ್ಲ. ಅದರ ಲೆಕ್ಕಕ್ಕೆ ದುಡ್ಡು ತೆಗೆದುಕೊಂಡರೆ ಅದೇ ಅಪರಾಧ, 3 ವರ್ಷದವರೆಗೆ ಜೈಲು. ಇದು ಜೀತದ ಸಾಲ ಅಲ್ಲ ಅಂತ ಸಾಬೀತು ಮಾಡುವ ಹೊರೆಯೂ ಕೊಟ್ಟವನ ಮೇಲೆ, ಹುಡುಗನ ಮೇಲಲ್ಲ. 18 ಆಗದವನನ್ನು ಹೀಗೆ ಇಟ್ಟುಕೊಂಡು ಅವನ ದುಡಿಮೆ ಹಣ ತಡೆದರೆ ಬಾಲನ್ಯಾಯ ಕಾಯ್ದೆಯಲ್ಲಿ 5 ವರ್ಷದವರೆಗೆ ಶಿಕ್ಷೆ ಇದೆ.

ಹೋಗಬೇಕಾದ ಜಾಗ ಡಿಸಿ (ಜಿಲ್ಲಾಧಿಕಾರಿ) ಅಥವಾ ಎಸಿ (ಉಪವಿಭಾಗಾಧಿಕಾರಿ) ಕಚೇರಿ. ಜೀತದಿಂದ ಬಿಡುಗಡೆ ಪತ್ರ ಕೊಡುವವರು ಅವರೇ, ಆ ಪತ್ರ ಇಲ್ಲದೆ ಪುನರ್ವಸತಿ ಸಿಗುವುದು ಕಷ್ಟ. ತಕ್ಷಣಕ್ಕೆ 30,000 ರೂಪಾಯಿವರೆಗೆ ನೆರವು ಇದೆ, ಆಮೇಲಿನದು ಬೇರೆ. ಚಿಕ್ಕವನ ವಿಷಯಕ್ಕೆ 1098, ಮಕ್ಕಳ ಸಹಾಯವಾಣಿ. ವಕೀಲರ ಸಹಾಯ ಬೇಕಾದರೆ 15100, ಕಾನೂನು ಸೇವಾ ಪ್ರಾಧಿಕಾರದ್ದು, ದುಡ್ಡು ಕೊಡಬೇಕಿಲ್ಲ. ನೀವೇ ಮೇಸ್ತ್ರಿ ಜೊತೆ ಜಗಳಕ್ಕೆ ಇಳಿಯಬೇಡಿ. ಇನ್ನೊಂದು, ನೇರವಾಗಿ ಹೇಳುತ್ತೇನೆ: ಇಷ್ಟು ದಿನ ಗೊತ್ತಿರಲಿಲ್ಲ, ಸರಿ. ಈಗ ಗೊತ್ತಾಗಿದೆ. ಇನ್ನು ಮೇಲೂ ಅವನ ಕೈಗೇ ಕೂಲಿ ಕೊಟ್ಟರೆ ನಿಮ್ಮ ಹೆಸರೂ ಬರಬಹುದು.

ದೇವದುರ್ಗದವ:
ಅಣ್ಣಾ, ನಿಮ್ಮ ಪೋಸ್ಟ್ ಓದಿ ರಾತ್ರಿ ನಿದ್ದೆ ಬರಲಿಲ್ಲ. ನಾನು ಆ ಹುಡುಗನ ಜಾಗದಲ್ಲಿ ಇದ್ದವನು.

ನಮ್ಮ ಕಡೆ ಮಳೆ ಕೈಕೊಟ್ಟರೆ ಊರಿಗೆ ಊರೇ ಗುಳೆ ಹೋಗುತ್ತದೆ. ನಾನು 13 ವರ್ಷದವನಿದ್ದಾಗ ಅಪ್ಪ 20,000 ಮುಂಗಡ ತಗೊಂಡರು, ನಾವು ನಾಲ್ಕೂ ಜನ ಇಟ್ಟಿಗೆ ಭಟ್ಟಿಗೆ ಹೋದೆವು. ವಾರಕ್ಕೊಮ್ಮೆ ಅಕ್ಕಿ, ಎಣ್ಣೆ, ಖಾರಪುಡಿ ಕೊಡುತ್ತಿದ್ದರು. ಅದನ್ನೂ ಬರೆದುಕೊಳ್ಳುತ್ತಿದ್ದರು. ತಂಗಿಗೆ ಜ್ವರ ಬಂದಾಗ ತೋರಿಸಿದ್ದು, ಅದೂ ಬರೆದರು. ಎಂಟು ತಿಂಗಳು ದುಡಿದ ಮೇಲೆ ಸಾಲ 31,000 ಅಂದರು. ಅಪ್ಪನಿಗೆ ಓದಲು ಬರುತ್ತಿರಲಿಲ್ಲ. ನನಗೆ ಬರುತ್ತಿತ್ತು, ನನಗೆ ಆ ಪುಸ್ತಕ ಒಮ್ಮೆಯೂ ತೋರಿಸಲಿಲ್ಲ.

ನಿಮಗೆ ಕೈಮುಗಿದು ಹೇಳುವುದು ಒಂದೇ. ಮೇಸ್ತ್ರಿ ಎದುರಿಗೆ ಅವನನ್ನು ಏನೂ ಕೇಳಬೇಡಿ. ಒಬ್ಬ ಲಾರಿ ಡ್ರೈವರ್ ಪಾಪ ಒಳ್ಳೆಯವನು, ಎಲ್ಲರ ಮುಂದೆ 'ಏನೋ ತಮ್ಮಾ, ಸಾಲಿಗೆ ಹೋಗಲ್ವಾ, ಇಲ್ಲಿ ಚೆನ್ನಾಗಿದ್ದೀಯಾ' ಅಂದ. ಹೂಂ ಅಣ್ಣಾ ಅಂದೆ. ಇನ್ನೇನು ಹೇಳಲಿ? ಆವತ್ತು ರಾತ್ರಿಯೇ ನಮ್ಮನ್ನು ಬೇರೆ ಭಟ್ಟಿಗೆ ಸಾಗಿಸಿದರು. ಆ ಡ್ರೈವರ್ ಸುಮ್ನೆ ಮನೆಗೆ ಹೋಗಿ ಒಂದು ಫೋನ್ ಮಾಡಿದ್ದರೆ ನನ್ನ ಎರಡು ವರ್ಷ ಉಳಿಯುತ್ತಿತ್ತು. ಮೇಸ್ತ್ರಿಯನ್ನು ಈಗಲೇ ಬಿಡಬೇಡಿ. ಮುಂದಿನ ಕೆಲಸ ಯಾವತ್ತು, ಎಲ್ಲಿ ಅಂತ ನಿಮಗೆ ಗೊತ್ತಿದೆಯಲ್ಲ, ಆ ಹುಡುಗರು ಎಲ್ಲಿರುತ್ತಾರೆ ಅಂತ ಹೇಳಬಲ್ಲವರು ಈಗ ನೀವೊಬ್ಬರೇ.

ಬಳ್ಳಾರಿ_ಗಾಡಿ:
ಎಲ್ಲರಿಗೂ ಉತ್ತರ ಕೊಡಲು ತಡವಾಯಿತು, ಕ್ಷಮಿಸಿ. ದೇವದುರ್ಗದ ತಮ್ಮ ಹೇಳಿದಂತೆಯೇ ಮಾಡಿದೆ. ಮೇಸ್ತ್ರಿಗೆ ಏನೂ ತೋರಿಸಿಕೊಳ್ಳದೆ ಗಾಂಧಿನಗರದ ಮನೆ ಕೆಲಸಕ್ಕೆ ಬರಲು ಹೇಳಿದೆ. ಮನೆಗೆ ಬಂದು 1098ಕ್ಕೆ ಫೋನ್ ಮಾಡಿದೆ. ಮರುದಿನ ಎಸಿ ಕಚೇರಿಗೆ ಹೋಗಿ ಬರೆದುಕೊಟ್ಟೆ: ತಾರೀಖು, ಮನೆ ವಿಳಾಸ, ಎಷ್ಟು ಹುಡುಗರು, ಇಷ್ಟು ದಿನ ಅವನಿಗೆ ನಾನು ಕೊಟ್ಟ ದುಡ್ಡು, ಎಲ್ಲ. ನನ್ನ ತಪ್ಪನ್ನೂ ಬರೆದೆ.

ಕೆಲಸದ ದಿನ ಬೆಳಿಗ್ಗೆ ಹತ್ತೂವರೆಗೆ ಅಧಿಕಾರಿಗಳು ಬಂದರು. ಹುಡುಗರನ್ನು ಬೇರೆ ಬೇರೆ ಕೂರಿಸಿ ಮಾತಾಡಿಸಿದರು. ಆರು ಜನರಲ್ಲಿ ಇಬ್ಬರಿಗೆ 18 ಆಗಿರಲಿಲ್ಲ. ಅವರನ್ನು ಮಕ್ಕಳ ಕಲ್ಯಾಣ ಸಮಿತಿ ಮುಂದೆ ಕರೆದುಕೊಂಡು ಹೋಗಿದ್ದಾರೆ. ಉಳಿದ ನಾಲ್ವರ ವಿಚಾರಣೆ ನಡೆಯುತ್ತಿದೆ, ಬಿಡುಗಡೆ ಪತ್ರ ಇನ್ನೂ ಆಗಿಲ್ಲ. ವಕೀಲೆ ಅಕ್ಕ, ನಿಮಗೆ ಮೆಸೇಜ್ ಮಾಡಿದ್ದೇನೆ, ದಯವಿಟ್ಟು ನೋಡಿ.

ಆ ನೋಟ್‌ಬುಕ್ಕನ್ನು ನನ್ನ ಎದುರಿಗೇ ತೆಗೆದರು. ಒಬ್ಬೊಬ್ಬರಿಗೆ ಒಂದೊಂದು ಪುಟ. ಕೈ ಸುಲಿದ ಹುಡುಗನ ಪುಟದಲ್ಲಿ ನಾನು ಕೊಟ್ಟ 100 ರೂಪಾಯಿ ಹುಡುಕಿದೆ. ಸಾಲದಲ್ಲಿ ಕಳೆದಿರಬಹುದು ಅಂದುಕೊಂಡಿದ್ದೆ. ಇಲ್ಲ. ಸಾಲಕ್ಕೆ ಕೂಡಿಸಿ ಬರೆದಿದ್ದ: 'ಮುಲಾಮು 100'.

ಇನ್ನು ಮೇಲೆ ಕೂಲಿ ಆಯಾ ದಿನವೇ ಅವರವರ ಕೈಗೆ, ಇಲ್ಲವೇ ಅವರದೇ ಫೋನಿಗೆ. ಮುಂದಿನ ಸೋಮವಾರ ಕಪ್ಪಗಲ್ ರಸ್ತೆಯಲ್ಲಿ ಒಂದು ಮನೆ ಇದೆ, ನಾಲ್ಕು ಜನ ಬೇಕು. ಮೇಸ್ತ್ರಿ ಇಲ್ಲದೆ ತಾವೇ ನೇರವಾಗಿ ಬರುವ ಹಮಾಲರು ಯಾರಾದರೂ ಗೊತ್ತಿದ್ದರೆ ಹೇಳಿ.